ಗಾಜಿನ ಹಿಂದಣ ಚಿತ್ರ

ನಡುಮನೆಯ ಗೋಡೆಯ ಮೇಲೆ ಹಿರಿಯರ ಭಾವಚಿತ್ರಗಳಿಗೆ ಕಟ್ಟು ಹಾಕಿಸಿ ತೂಗುಹಾಕುವ ನಮ್ಮ ಪದ್ಧತಿಯಲ್ಲಿ ಶ್ರದ್ಧೆಗೆ ಕೊರತೆಯಿಲ್ಲ. ಕೊರತೆಯಿರುವುದು ಕಟ್ಟಿನ ಕ್ರಮದಲ್ಲಿ. ಚಿತ್ರದ ಮುಖಕ್ಕೆ ನೇರವಾಗಿ ಗಾಜನ್ನೊತ್ತಿ, ಬೆನ್ನಿಗೆ ಹಾರ್ಡ್‌ಬೋರ್ಡನ್ನಿಟ್ಟು, ಸುತ್ತಲೂ ಮೊಳೆ ಹೊಡೆದು ಕೊಡುವ ಈ ವಿಧಾನವು, ಆಷಾಢ ಶ್ರಾವಣಗಳಲ್ಲಿ ಗೋಡೆಗಳೇ ಒದ್ದೆಯಾಗುವ ಮಲೆನಾಡು ಕರಾವಳಿಗಳಲ್ಲಿ, ರಕ್ಷಣೆಯ ಹೆಸರಿನಲ್ಲಿ ಚಿತ್ರದ ವಿನಾಶಕ್ಕೇ ಹಾದಿಯಾಗುತ್ತದೆ. ಹಳೆಯ ಛಾಯಾಚಿತ್ರದ ಮೇಲ್ಪದರವು ಜೆಲಾಟಿನ್ನಿನದು; ತೇವವನ್ನು ಹೀರಿ ಉಬ್ಬಿ ಮೆತ್ತಗಾದ ಆ ಪದರವು ಗಾಜಿಗೆ ಅಂಟಿಕೊಂಡಿತೆಂದರೆ, ಬಿಡಿಸಹೊರಟವನ ಕೈಯಲ್ಲಿ ಕಾಗದವೂ ಗಾಜಿನ ಮೇಲೆ ಮುಖದ ಒಂದಂಶವೂ ಉಳಿಯುತ್ತವೆ. ಎಷ್ಟೋ ಪಟಗಳಲ್ಲಿ ಹಣೆಯ ಬಳಿಯಲ್ಲೋ ಸೆರಗಿನಂಚಿನಲ್ಲೋ ನೀರು ನಿಂತಂತೆ ಹೊಳೆಯುವ ಕಲೆಯು ಈ ಅಂಟಿನ ಗುರುತು.

ಆದುದರಿಂದ ಮೌಂಟ್ ಬೋರ್ಡನ್ನು ಅಲಂಕಾರವೆಂದೆಣಿಸಿ ಬೇಡವೆನ್ನುವುದು ಸರಿಯಲ್ಲ. ನಡುವೆ ಕೊರೆದು ತೆರವು ಮಾಡಿದ, ಸುಮಾರು 1.5 ಮಿ.ಮೀ. ದಪ್ಪದ ಆ ರಟ್ಟು ಗಾಜಿಗೂ ಚಿತ್ರಕ್ಕೂ ನಡುವೆ ಗಾಳಿಯ ಅಂತರವನ್ನು ಕಲ್ಪಿಸುತ್ತದೆ. ಕಣ್ಣಿಗೆ ಹಿತವಾದ ಅಂಚು ಅದರ ಆನುಷಂಗಿಕ ಫಲ. ಅದು ಹತ್ತಿಯ ನಾರಿನದಾಗಿರಬೇಕು, ಇಲ್ಲವೆ ಆಮ್ಲರಹಿತವಾದರೂ ಆಗಿರಬೇಕು. ಅಗ್ಗದ ರಟ್ಟಿನಿಂದ ಕಾಲಕ್ರಮೇಣ ಹೊಮ್ಮುವ ಆಮ್ಲವು ಚಿತ್ರದ ಸುತ್ತ ಕಂದುಗೆರೆಯನ್ನೆಳೆಯದೆ ಬಿಡದು.

ಶಾಖದಿಂದೊತ್ತಿ ಅಂಟಿಸುವ ಡ್ರೈ ಮೌಂಟಿಂಗ್ ಚಿತ್ರವನ್ನು ಸುಕ್ಕಿಲ್ಲದೆ ಸಮತಲವಾಗಿಸುವುದೇನೋ ನಿಜ. ಆದರೆ ಹಾಗೆ ಅಂಟಿದುದನ್ನು ಮರಳಿ ಬಿಡಿಸುವುದು ಬಹು ಕಷ್ಟವಾದ ಕಾರಣ, ಪುನಃ ಮುದ್ರಿಸಬಲ್ಲ ಚಿತ್ರಕ್ಕೆ ಒಪ್ಪುವ ಆ ಉಪಾಯವು ನೆಗೆಟಿವ್ ಕಳೆದುಹೋದ ಅಜ್ಜಿಯ ಏಕೈಕ ಚಿತ್ರಕ್ಕೆ ಸರ್ವಥಾ ಸಲ್ಲದು. ಅಂಥದನ್ನು ನಾಲ್ಕು ಮೂಲೆಗಳಲ್ಲಿ ಕಾಗದದ ಮಡಿಕೆಗಳಿಂದ, ಗೋಂದು ಸೋಕದಂತೆ, ಹಿಡಿದಿರಿಸುವುದೇ ಉಚಿತ. ಪ್ಲಾಸ್ಟಿಕ್ ಲ್ಯಾಮಿನೇಷನ್ನನ್ನಂತೂ ನಾನು ಯಾವ ಹಳೆಯ ಚಿತ್ರಕ್ಕೂ ಒಪ್ಪಲಾರೆ.

ಇನ್ನು ಹೊಸದಾಗಿ ಮುದ್ರಿಸುವ ಪ್ರತಿಯ ಕಾಗದ. ಸ್ಟುಡಿಯೋದವರು ಕೇಳದೆಯೇ ಕೊಡುವ ಗ್ಲಾಸಿ ಕಾಗದವು ಕೈಯಲ್ಲಿ ಹಿಡಿದಾಗ ಮೋಹಕವಾದರೂ, ಬಾಗಿಲಿಗೆ ಎದುರಾದ ಗೋಡೆಯ ಮೇಲೆ, ತಾನೇ ಹೊಳೆಯುವ ಗಾಜಿನ ಹಿಂದೆ, ಪ್ರತಿಬಿಂಬವನ್ನು ಇಮ್ಮಡಿಸಿ ಚಿತ್ರವನ್ನು ಮರೆಮಾಡುತ್ತದೆ. ಬೆಳಕು ಧಾರಾಳವಾಗಿರುವಲ್ಲಿ ಹೊಳಪಿಲ್ಲದ ಹತ್ತಿಯ ಕಾಗದವೇ ಮೇಲು. ಅದರಲ್ಲಿ ಕಪ್ಪು ತುಸು ಬೂದುಬಣ್ಣಕ್ಕೆ ತಿರುಗುವುದನ್ನು ಮಾತ್ರ ಸಹಿಸಬೇಕು. ಕಪ್ಪುಬಿಳುಪಿನ ಚಿತ್ರಕ್ಕೆ, ವೆಚ್ಚಕ್ಕಂಜದಿದ್ದರೆ, ಬೇರಿಯಂ ಸಲ್ಫೇಟಿನ ಲೇಪವುಳ್ಳ ಬರೈಟಾ ಕಾಗದಕ್ಕೆ ಸಮನಾದುದನ್ನು ನಾನು ಕಾಣೆ: ತುರುಬಿನ ಕಪ್ಪಿನೊಳಗೂ ಕೂದಲಿನ ಎಳೆಗಳು ಬೇರೆಬೇರೆಯಾಗಿ ತೋರುವ ಗಾಂಭೀರ್ಯ ಅದರದು.

ಬಿಸಿಲು ನೇರವಾಗಿ ಬೀಳುವ ಗೋಡೆಯಾದರೆ ಯಾವ ಕಾಗದವೂ ಉಳಿಯದು. ಓದುಗರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಮೂಲಚಿತ್ರದಿಂದ ಹೊಸ ಪ್ರತಿಯೊಂದನ್ನು ಮಾಡಿಸಿ ಅದನ್ನು ತೂಗುಹಾಕಿ, ಮೂಲವನ್ನು ಒಣಗಿದ ಕತ್ತಲೆಯ ಪೆಟ್ಟಿಗೆಯಲ್ಲಿರಿಸಿರಿ, ಹಣ ಸಾಲದಿದ್ದರೆ ಚೌಕಟ್ಟಿನ ಕೆತ್ತನೆಯನ್ನು ಕೈಬಿಡಿರಿ, ಮೌಂಟನ್ನು ಬಿಡಬೇಡಿರಿ.