ನಾರ್ತ್ ಕೇಪ್ ಬಿಟ್ಟರೆ ನಷ್ಟವೇನಿಲ್ಲ

ಬಾಲ್ಟಿಕ್ ಸೀಮೆಯಿಂದ ಕಾರು ಹತ್ತಿ ಉತ್ತರಕ್ಕೆ ಹೊರಡುವವರನ್ನು ಎಲ್ಲಿಗೆ ಎಂದು ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಮಂದಿ ಹೇಳುವುದು ಒಂದೇ ಹೆಸರು: ನಾರ್ತ್ ಕೇಪ್. ಸಮುದ್ರದಿಂದ 307 ಮೀಟರ್ ಎತ್ತರಕ್ಕೆ ನಿಂತ ಬಂಡೆ, ಅದರ ನೆತ್ತಿಯ ಮೇಲೊಂದು ಲೋಹದ ಗೋಳ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ನಾರ್ವೆಯವರು 1999ರಲ್ಲಿ ಸಮುದ್ರದಡಿ 212 ಮೀಟರ್ ಆಳಕ್ಕಿಳಿಯುವ ಸುರಂಗ ತೆರೆದ ಮೇಲೆ ಹಡಗು ಕಾಯುವ ಕೆಲಸವೂ ತಪ್ಪಿತು. ಈಗ ಬೇಸಗೆಯಲ್ಲಿ ಅಲ್ಲಿ ಬಸ್ಸುಗಳ ಸಾಲು, ಗೋಳದ ಮುಂದೆ ಫೋಟೊಕ್ಕೆ ಸರದಿ. ತಮಾಷೆಯೆಂದರೆ ಪಕ್ಕದ ಕ್ನಿವ್‌ಶೆಲ್ಲೊಡ್ಡೆನ್ ಎಂಬ ತಗ್ಗು ನಾಲಗೆ ಇದಕ್ಕಿಂತ ಸುಮಾರು ಒಂದೂವರೆ ಕಿ.ಮೀ. ಉತ್ತರಕ್ಕೇ ಚಾಚಿದೆ. ಅಲ್ಲಿಗೆ ನಡೆದೇ ಹೋಗಬೇಕು, ಹಾಗಾಗಿ ಜನ ಕಡಿಮೆ. ಸಾಲದ್ದಕ್ಕೆ ಎರಡೂ ಇರುವುದು ದ್ವೀಪದ ಮೇಲೆ. ಯುರೋಪಿನ ನೆಲದ ಕೊನೆ ಬೇರೆಲ್ಲೋ ಇದೆ.

ಒಂಟಿಯಾಗಿ ಕಾರು ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಗೆರೆಯೊಂದು ಇದೇ ಸೀಮೆಯಲ್ಲಿದೆ. ಹಾಕಿದವರು ರಸ್ತೆ ಇಲಾಖೆಯವರಲ್ಲ, ಖಗೋಳ ವಿಜ್ಞಾನಿಗಳು. ಫ್ರೀಡ್ರಿಕ್ ಗೆಯೋರ್ಗ್ ವಿಲ್ಹೆಲ್ಮ್ ಸ್ಟ್ರೂವೆ ಮತ್ತು ಅವನ ಜೊತೆಗಾರರು 1816ರಿಂದ 1855ರವರೆಗೆ ಕಪ್ಪು ಸಮುದ್ರದ ಮಗ್ಗುಲಿನಿಂದ ನಾರ್ವೆಯ ಹ್ಯಾಮರ್‌ಫೆಸ್ಟ್‌ವರೆಗೆ 2,820 ಕಿ.ಮೀ. ಉದ್ದಕ್ಕೆ ತ್ರಿಕೋನಗಳ ಸರಪಳಿ ಹೆಣೆದರು. ಭೂಮಿಯ ನಿಜವಾದ ಆಕಾರ ಮತ್ತು ಅಳತೆ ತಿಳಿಯುವುದು ಉದ್ದೇಶ. ಒಟ್ಟು 258 ತ್ರಿಕೋನಗಳು. ಈಗ ಹತ್ತು ದೇಶಗಳಲ್ಲಿ ಹಂಚಿಹೋಗಿರುವ 34 ಠಾಣೆಗಳನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲಿಥುವೇನಿಯಾ, ಲಾಟ್ವಿಯಾ, ಎಸ್ತೋನಿಯಾ, ಫಿನ್‌ಲೆಂಡ್, ಸ್ವೀಡನ್, ನಾರ್ವೆ, ಎಲ್ಲವೂ ಈ ಗೆರೆಯ ಮೇಲಿವೆ. ಆರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು.

ಠಾಣೆ ಎಂದರೆ ಏನೋ ಭರ್ಜರಿ ಎಂದುಕೊಳ್ಳಬೇಡಿ. ಬಹಳ ಕಡೆ ಇರುವುದು ಬಂಡೆಯಲ್ಲಿ ಕೊರೆದ ತೂತು, ಇಲ್ಲವೇ ನೆಲದಲ್ಲಿ ಹೂತ ಕಲ್ಲು, ಪಕ್ಕದಲ್ಲೊಂದು ಫಲಕ. ಒಂದು ತೂತು ನೋಡಲು ನಲವತ್ತು ಕಿ.ಮೀ. ಸುತ್ತು ಬಳಸಿ ಹೋಗೋಣ ಎಂದು ಮನೆಯವರನ್ನೋ ಗೆಳೆಯರನ್ನೋ ಒಪ್ಪಿಸಲು ಸಾಧ್ಯವೇ? ಈ ದಾರಿಗೆ ಒಬ್ಬರೇ ಹೋಗುವುದು ಲೇಸು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಕಾರು ಪಡೆದವರು ವಯಾ ಬಾಲ್ಟಿಕಾ ಹೆದ್ದಾರಿಗೆ ಹೋಗದಿರುವುದು ಮೇಲು. ಅಲ್ಲಿ ಲಾರಿಗಳ ಹಿಂದೆ ಲಾರಿ. ಉತ್ತರಕ್ಕೆ ರೊಕಿಷ್ಕಿಸ್ ಕಡೆಯ ಸಣ್ಣ ರಸ್ತೆ ಹಿಡಿದರೆ ಹುಲ್ಲುಗಾವಲು, ಕೊಕ್ಕರೆ ಗೂಡು ಕಟ್ಟಿದ ಕಂಬಗಳು. ಮಧ್ಯಾಹ್ನದ ಊಟಕ್ಕೆ ಶಾಲ್ಟಿಬಾರ್ಶ್ಚೈ ಎಂಬ ತಣ್ಣನೆಯ ಗುಲಾಬಿ ಸೂಪು ಕೇಳಿ. ಬೀಟ್‌ರೂಟ್, ಕೆಫಿರ್, ಸೌತೆಕಾಯಿ, ಸಬ್ಬಸಿಗೆ ಸೊಪ್ಪು. ನಮ್ಮ ಬೀಟ್‌ರೂಟ್ ಮೊಸರು ಬಜ್ಜಿಯನ್ನು ಧಾರಾಳವಾಗಿ ತೆಳ್ಳಗೆ ಮಾಡಿದ ಹಾಗೆ. ಪಕ್ಕದ ತಟ್ಟೆಯಲ್ಲಿ ಬಿಸಿ ಬೇಯಿಸಿದ ಆಲೂಗಡ್ಡೆ ಬರುತ್ತದೆ. ಅದನ್ನು ಸೂಪಿಗೆ ಸುರಿಯಬಾರದು, ಒಂದು ತುತ್ತು ಬಿಸಿ, ಒಂದು ಗುಟುಕು ತಂಪು. ಲಾಟ್ವಿಯಾದಲ್ಲಿ ದೌಗಾವಾ ನದಿ ದಂಡೆಯ ಯೇಕಬ್‌ಪಿಲ್ಸ್‌ನ ಉದ್ಯಾನದಲ್ಲಿ ಒಂದು ಠಾಣೆ ಇದೆ. ನೋಡಿ ಮುಂದೆ ಹೋಗಬಹುದು.

ನಿಲ್ಲಬೇಕಾದ ಊರು ತಾರ್ತು. ಎಸ್ತೋನಿಯಾದ ಈ ವಿಶ್ವವಿದ್ಯಾಲಯದ ಊರಿನ ಗುಡ್ಡದ ಮೇಲಿನ ವೀಕ್ಷಣಾಲಯವೇ ಸ್ಟ್ರೂವೆಯ ಮನೆ, ಕಚೇರಿ, ಸರಪಳಿಯ ಮೊದಲ ಬಿಂದು. ಫ್ರೌನ್‌ಹೋಫರ್ ತಯಾರಿಸಿದ ದೂರದರ್ಶಕ 1824ರಲ್ಲಿ ಇಲ್ಲಿಗೆ ಬಂದಾಗ ಆ ಬಗೆಯಲ್ಲಿ ಲೋಕದಲ್ಲೇ ದೊಡ್ಡದು. ಅದು ಈಗಲೂ ಅಲ್ಲೇ ಇದೆ. ಉತ್ತರಕ್ಕೆ, ವೊಯಿವೆರೆ ಮತ್ತು ಸಿಮುನಾ ಹಳ್ಳಿಗಳ ನಡುವೆ, ಸ್ಟ್ರೂವೆ 1827ರಲ್ಲಿ ಸುಮಾರು ನಾಲ್ಕೂವರೆ ಕಿ.ಮೀ. ಉದ್ದದ ಆಧಾರ ರೇಖೆಯನ್ನು ನೆಲದ ಮೇಲೆ ಅಳೆದ. ಕಷ್ಟವೆಲ್ಲ ಇದರಲ್ಲೇ. ಒಂದು ಗೆರೆಯ ಉದ್ದ ಕರಾರುವಾಕ್ಕಾಗಿ ಸಿಕ್ಕಿತೆಂದರೆ ಉಳಿದದ್ದಕ್ಕೆ ಕೋನ ಅಳೆದರೆ ಸಾಕು. ಒಂದು ತ್ರಿಕೋನದ ಬಾಹು ಮುಂದಿನ ತ್ರಿಕೋನಕ್ಕೆ ಪಾಯ. ಎರಡು ತುದಿಯ ಗುರುತುಗಳ ನಡುವೆ ಇಂದು ಬಯಲು, ಹೊಲ. ವೊಯಿವೆರೆಯ ಗಾಳಿಗಿರಣಿಯಲ್ಲಿ ಈ ಕಥೆ ಹೇಳುವ ಸಣ್ಣ ಪ್ರದರ್ಶನವಿದೆ.

ಬೆಂಗಳೂರಿನವರಿಗೆ ಇಲ್ಲಿ ಕೊಂಚ ಹೆಮ್ಮೆ ಪಡಲು ಅವಕಾಶವುಂಟು. ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಮೈಸೂರು ಸೀಮೆಯಲ್ಲಿ ಸರ್ವೆಗಿಳಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಇಂಥದೇ ಆಧಾರ ರೇಖೆ ಅಳೆದಿದ್ದ, ಸ್ಟ್ರೂವೆಗಿಂತ ಕಾಲು ಶತಮಾನ ಮುಂಚೆ. ಮುಂದೆ ಕನ್ಯಾಕುಮಾರಿ ಕಡೆಯಿಂದ ಹಿಮಾಲಯದ ಬುಡದವರೆಗೆ ಬೆಳೆದದ್ದು ಅದೇ ಕೆಲಸ. ಭೂಮಿಯ ಆಕಾರ ಲೆಕ್ಕ ಹಾಕಿದವರು ಆ ಬಳಿಕ ಈ ಎರಡು ಅಳತೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಕೂತರು. ವೊಯಿವೆರೆಯ ಗುರುತಿಗೆ ಸಿಕ್ಕ ಮರ್ಯಾದೆ ನಮ್ಮ ಊರಿನ ಗೆರೆಗೆ ಸಿಕ್ಕಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ತಾರ್ತುವಿನಿಂದ ಪೈಪ್ಸಿ ಸರೋವರ ದೂರವಲ್ಲ. ಆಚೆ ದಂಡೆ ರಷ್ಯ. ಹದಿನೇಳನೇ ಶತಮಾನದಲ್ಲಿ ರಷ್ಯದ ಚರ್ಚಿನ ಸುಧಾರಣೆಗಳನ್ನು ಒಪ್ಪದೆ ಊರು ಬಿಟ್ಟ ಹಳೆ ನಂಬಿಕೆಯವರ ಸಂತತಿ ಈ ದಂಡೆಯ ಹಳ್ಳಿಗಳಲ್ಲಿದೆ. ಎತ್ತರದ ಏರಿಗಳಲ್ಲಿ ಈರುಳ್ಳಿ ಬೆಳೆದು, ಜಡೆ ಹೆಣೆದು, ಬೇಸಗೆ ಮುಗಿಯುತ್ತ ಬಂದಾಗ ರಸ್ತೆ ಬದಿಯಲ್ಲಿ ತೂಗುಹಾಕುತ್ತಾರೆ. ಹೊಗೆಯಲ್ಲಿ ಬೇಯಿಸಿದ ಮೀನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಹೊಂಬಣ್ಣದ ಚರ್ಮ ಬೆರಳಿಗೆ ಅಂಟುತ್ತದೆ. ಕಪ್ಪು ರೈ ಬ್ರೆಡ್ಡಿನೊಡನೆ ಕಾರಿನ ಬಾನೆಟ್ಟಿನ ಮೇಲಿಟ್ಟು ತಿನ್ನಿ. ಸೀಟಿನ ಮೇಲೆ ಬೇಡ, ಆ ವಾಸನೆ ಹ್ಯಾಮರ್‌ಫೆಸ್ಟ್‌ವರೆಗೂ ಜೊತೆಗೆ ಬರುತ್ತದೆ. ಬಿಯರ್ ಆಸೆಯೂ ಬೇಡ. ಎಸ್ತೋನಿಯಾ, ಸ್ವೀಡನ್, ನಾರ್ವೆ ಮೂರರಲ್ಲೂ ಚಾಲಕನ ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.2. ಹಗಲಾದರೂ ಹೆಡ್‌ಲೈಟ್ ಉರಿಯುತ್ತಿರಬೇಕು, ಇದು ಆರೂ ದೇಶಗಳ ನಿಯಮ.

ತಾಲ್ಲಿನ್‌ನಿಂದ ಹೆಲ್ಸಿಂಕಿಗೆ ಕಾರನ್ನೂ ಹೊತ್ತು ಹೋಗುವ ಹಡಗಿಗೆ ಎರಡು ಗಂಟೆ ಹಾದಿ. ಅಲ್ಲಿಂದ ಟೊರ್ನಿಯೊವರೆಗಿನ ಏಳುನೂರು ಚಿಲ್ಲರೆ ಕಿ.ಮೀ. ಬಗ್ಗೆ ಹೇಳಲು ಹೆಚ್ಚಿಲ್ಲ: ಕಾಡು, ಕೆರೆ, ಕಾಡು, ಪೆಟ್ರೋಲ್ ಬಂಕಿನ ಕಾಫಿ. ಫಿನ್‌ಲೆಂಡಿನಲ್ಲಿ ಅತಿವೇಗದ ದೊಡ್ಡ ತಪ್ಪಿಗೆ ದಂಡ ಆದಾಯಕ್ಕೆ ತಕ್ಕಂತೆ. ಸಂಬಳ ಹೆಚ್ಚಿದ್ದವರು ಹೆಚ್ಚು ನಿಧಾನವಾಗಿ ಓಡಿಸುವುದು ಕ್ಷೇಮ.

ಟೊರ್ನಿಯೊದಿಂದ ಮೇಲಕ್ಕೆ ನದಿಯೇ ಗಡಿ. ಪಶ್ಚಿಮ ದಂಡೆ ಸ್ವೀಡನ್, ಪೂರ್ವ ದಂಡೆ ಫಿನ್‌ಲೆಂಡ್, ಸೇತುವೆ ದಾಟಿದರೆ ಗಡಿಯಾರದಲ್ಲಿ ಒಂದು ಗಂಟೆಯ ವ್ಯತ್ಯಾಸ. ಫಿನ್‌ಲೆಂಡಿನ ಅಂಗಡಿ ಬಾಗಿಲು ಹಾಕಿದರೆ ಸ್ವೀಡನ್ನಿಗೆ ಓಡಿ, ಅಲ್ಲಿನ್ನೂ ಒಂದು ಗಂಟೆ ಹಿಂದೆ. ಕುಕ್ಕೊಲದ ಇಳಿಜಾರು ಹರಿವಿನಲ್ಲಿ ಮರದ ಅಟ್ಟ ಕಟ್ಟಿ, ಉದ್ದ ಹಿಡಿಯ ಗೋರುಬಲೆಯನ್ನು ನೊರೆಗೆ ಅದ್ದಿ ಬಿಳಿಮೀನು ಹಿಡಿಯುತ್ತಾರೆ. ಹಿಡಿದದ್ದನ್ನು ಹಳೆಯ ಕಟ್ಟಳೆಯಂತೆ ಪಾಲು ಹಾಕಿಕೊಳ್ಳುತ್ತಾರೆ. ಇನ್ನೂ ಮೇಲೆ ಆವಸಾಕ್ಸಾ ಬೆಟ್ಟ, 242 ಮೀಟರ್. ಸ್ಟ್ರೂವೆಗಿಂತ ನೂರು ವರ್ಷ ಮೊದಲು, 1736ರಲ್ಲಿ, ಫ್ರಾನ್ಸಿನ ಮೊಪರ್ಟುಯಿ ಇದೇ ಬೆಟ್ಟ ಹತ್ತಿದ್ದ. ಜೊತೆಗೆ ಉಷ್ಣಮಾಪಕದ ಸೆಲ್ಸಿಯಸ್ ಇದ್ದ. ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಮರದ ಕೋಲುಗಳಿಂದ ಆಧಾರ ರೇಖೆ ಅಳೆದು, ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂದ ನ್ಯೂಟನ್ನನ ಮಾತು ಸರಿ ಎಂದು ತೋರಿಸಿದರು. ಅವರು ಅಳೆದ ನೆಲ ಮಾತ್ರ ಸುಮ್ಮನಿಲ್ಲ. ಹಿಮಯುಗದ ಮಂಜಿನ ಭಾರ ಕಳಚಿದ ಇಲ್ಲಿನ ಕರಾವಳಿ ವರ್ಷಕ್ಕೆ ಏಳೆಂಟು ಮಿಲಿಮೀಟರಿನಷ್ಟು ಇನ್ನೂ ಮೇಲೇಳುತ್ತಲೇ ಇದೆ.

ಈ ಭಾಗದಲ್ಲಿ ಒಂಟಿ ಚಾಲಕನಿಗೆ ನಿಜವಾದ ಅಪಾಯ ಬೆಳಕು. ಕತ್ತಲಾಗುವುದಿಲ್ಲವಾದ್ದರಿಂದ ಸಾಕು ಎಂದು ಮೈ ಹೇಳುವುದೇ ಇಲ್ಲ. ರಾತ್ರಿ ಹನ್ನೊಂದಾದರೂ ಇನ್ನೊಂದು ಐವತ್ತು ಕಿ.ಮೀ. ಅನ್ನಿಸುತ್ತದೆ, ಎಚ್ಚರಿಸಲು ಪಕ್ಕದಲ್ಲಿ ಯಾರೂ ಇಲ್ಲ. ಗಡಿಯಾರ ನೋಡಿ ನಿಲ್ಲಿಸಬೇಕು, ಕಿಟಕಿ ನೋಡಿ ಅಲ್ಲ. ಕಣ್ಣಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ, ಮುಖಕ್ಕೆ ಸೊಳ್ಳೆ ಪರದೆ, ಇವೆರಡಿಲ್ಲದೆ ಹೊರಡಬೇಡಿ.

ಪಾಲೊಯೆನ್‌ಸೂವಿನಲ್ಲಿ 93ನೇ ನಂಬರಿನ ರಸ್ತೆಗೆ ಹೊರಳಿದರೆ ಹಿಮಸಾರಂಗಗಳ ರಾಜ್ಯ. ಕಾಡಿನ ಕೀಟಗಳ ಕಾಟ ತಾಳದೆ, ಗಾಳಿಯಾಡುವ ಡಾಂಬರಿಗೆ ಬಂದು ನಿಲ್ಲುತ್ತವೆ. ಹಾರ್ನ್ ಹೊಡೆದರೆ ಮುಖವೆತ್ತಿ ನೋಡುತ್ತವೆ, ಅಷ್ಟೆ. ಎಂಜಿನ್ ಆರಿಸಿ ಗಾಜಿಳಿಸಿ. ಕಾರಿನ ಪಕ್ಕದಲ್ಲೇ ಹಾದುಹೋಗುವಾಗ ಹೆಜ್ಜೆಗೊಂದು ಟಕ್ ಎಂಬ ಸದ್ದು ಕೇಳುತ್ತದೆ. ಗೊರಸಿನದಲ್ಲ, ಪಾದದ ಕೀಲಿನೊಳಗಿನ ಸ್ನಾಯುರಜ್ಜುವಿನದು. ಕೊಂಬಿನ ಮೇಲೆ ಮಕಮಲ್ಲಿನಂಥ ತೊಗಲು. ಕಿವಿಯ ಅಂಚಿನಲ್ಲಿ ಚಾಕುವಿನಿಂದ ಕೊಯ್ದ ಗುರುತು. ಕಾಡುಪ್ರಾಣಿಯೆಂದು ನಾವಂದುಕೊಳ್ಳುವ ಇದು ಯಾರದೋ ಸ್ವತ್ತು, ಯಾರದೆಂದು ಆ ಕಿವಿಯೇ ಹೇಳುತ್ತದೆ. ಗಡಿಯಾಚೆ ಕೌಟೊಕೈನೊ, ಸಾಮಿ ಜನರ ಊರು. ಮುಂದೆ ಆಲ್ತಾ. ಅಲ್ಲಿನ ನದಿಗೆ ಅಣೆಕಟ್ಟು ಬೇಡವೆಂದು 1979ರಲ್ಲಿ ಸಾಮಿಗಳು ಓಸ್ಲೊದಲ್ಲಿ ಉಪವಾಸ ಕೂತರು. ಅಣೆಕಟ್ಟಿನ ಕೆಲಸ ನಿಲ್ಲಲಿಲ್ಲ, ಆದರೆ ಹತ್ತು ವರ್ಷದಲ್ಲಿ ಅವರಿಗೆ ಅವರದೇ ಸಂಸತ್ತು ಬಂತು.

ಹ್ಯಾಮರ್‌ಫೆಸ್ಟ್ ಚೆಂದದ ಊರೇನಲ್ಲ. ಎರಡನೇ ಮಹಾಯುದ್ಧದ ಕೊನೆಗೆ ಹಿಮ್ಮೆಟ್ಟುತ್ತಿದ್ದ ಜರ್ಮನರು ಸ್ಮಶಾನದ ಪ್ರಾರ್ಥನಾ ಮಂದಿರವೊಂದನ್ನು ಬಿಟ್ಟು ಎಲ್ಲವನ್ನೂ ಸುಟ್ಟರು. ಫುಗ್ಲೆನೆಸ್ ಎಂಬ ಚಾಚಿನ ಮೇಲೆ 1854ರಲ್ಲಿ ನಿಲ್ಲಿಸಿದ ಕಂಬವಿದೆ, ನೆತ್ತಿಯ ಮೇಲೆ ಭೂಗೋಳ. ಟಿಕೆಟ್ಟಿಲ್ಲ, ಸರದಿಯಿಲ್ಲ. ಈ ಗೆರೆಯ ಇನ್ನೊಂದು ತುದಿ ಉಕ್ರೇನಿನಲ್ಲಿ, ದಾನ್ಯೂಬ್ ನದಿಯ ಬಳಿ. ಅಲ್ಲಿಗೆ ಸದ್ಯಕ್ಕೆ ಕಾರು ಓಡಿಸುವ ಕಾಲವಲ್ಲ.

ವಾಪಸು ಅದೇ ದಾರಿ ಬೇಡ. ಸ್ವೀಡನ್ನಿನ ಕಿರುನಾ ಮೂಲಕ ಇಳಿಯಿರಿ. ಕಬ್ಬಿಣದ ಅದಿರಿನ ಗಣಿ ಊರ ಬುಡಕ್ಕೇ ಬಂದದ್ದರಿಂದ ಅಲ್ಲಿ ಊರನ್ನೇ ಸರಿಸುತ್ತಿದ್ದಾರೆ. 1912ರ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಇಡಿಯಾಗಿ ಗಾಲಿಗಳ ಮೇಲೇರಿಸಿ ಐದು ಕಿ.ಮೀ. ಸಾಗಿಸಿದರು. ಕರಾವಳಿಯ ಇ4 ಹೆದ್ದಾರಿ ಸ್ಟಾಕ್‌ಹೋಮ್ ತಲುಪಿಸುತ್ತದೆ, ಅಲ್ಲಿಂದ ತಾಲ್ಲಿನ್‌ಗೆ ರಾತ್ರಿ ಹಡಗಿದೆ. ವಿಲ್ನಿಯಸ್‌ನಲ್ಲಿ ಪಡೆದ ಕಾರನ್ನು ವಿಲ್ನಿಯಸ್‌ನಲ್ಲೇ ಒಪ್ಪಿಸಿ. ಒಂದು ದೇಶದಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟರೆ ಬಾಡಿಗೆಯವರು ಕೀಳುವ ಹೆಚ್ಚುವರಿ ದುಡ್ಡಿನಲ್ಲಿ ಇನ್ನೂ ಒಂದು ವಾರ ಸುತ್ತಾಡಬಹುದು.