ಹೆಸರಿನ ಮುಂದೆ ಮದುವೆಯೇಕೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸಂತೆಯಲ್ಲಿ, ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸನ್ನು ಜನ 'ಅಕ್ಕಾ, ಸ್ವಲ್ಪ ಮುಂದೆ ಬನ್ನಿ', 'ಏನಮ್ಮಾ, ಎಷ್ಟಕ್ಕೆ ಕೊಡ್ತೀರಿ' ಎಂದು ಮಾತನಾಡಿಸುತ್ತಾರೆ. ನೋಡುವುದು ವಯಸ್ಸನ್ನು, ತಾಳಿಯನ್ನಲ್ಲ. ಅಮ್ಮ ಎನಿಸಿಕೊಳ್ಳಲು ತಾಯಿಯಾಗಿರಬೇಕೆಂದೂ ಇಲ್ಲ. ಪುಟ್ಟ ಹುಡುಗಿಯನ್ನೂ 'ಬಾರಮ್ಮ' ಎಂದೇ ಕರೆಯುತ್ತೇವೆ. ಆದರೆ ಅದೇ ಹೆಂಗಸಿನ ಹೆಸರು ಅರ್ಜಿಗೋ ಸಭೆಯ ಆಹ್ವಾನಪತ್ರಿಕೆಗೋ ಏರಿದ ಕೂಡಲೇ ಶ್ರೀಮತಿಯೋ ಕುಮಾರಿಯೋ ಎಂಬ ಪ್ರಶ್ನೆ ಏಳುತ್ತದೆ. ಹುಡುಗನ ಹೆಸರಿನ ಮುಂದಿನ 'ಕುಮಾರ' ಪ್ರಾಯಕ್ಕೆ ಬರುತ್ತಲೇ ಉದುರಿಹೋಗಿ 'ಶ್ರೀ' ಬರುತ್ತದೆ, ಮದುವೆಯಾಗಲಿ ಬಿಡಲಿ. ಹೆಣ್ಣಿನ 'ಕುಮಾರಿ' ಮಾತ್ರ ಮದುವೆಯಾಗದಿದ್ದರೆ ನಲವತ್ತು ದಾಟಿದರೂ ಬಿಡುವುದಿಲ್ಲ. ಆಡುಮಾತು ಕೇಳದ್ದನ್ನು ಬರಹ ಕೇಳುತ್ತಿದೆ, ಅದೂ ಹೆಣ್ಣನ್ನು ಮಾತ್ರ. ಇದು ಅನ್ಯಾಯ.

ಶ್ರೀಮತಿ ಎಂದರೆ ಶ್ರೀಯುಳ್ಳವಳು, ಅದರಲ್ಲಿ ಗಂಡನ ಸುಳಿವಿಲ್ಲ ಎಂದು ಬಲ್ಲವರು ವಾದಿಸಬಹುದು. ಒಪ್ಪೋಣ. ಪಕ್ಕದಲ್ಲಿ ಕುಮಾರಿ ನಿಂತಿರುವವರೆಗೆ ಆ ಅರ್ಥ ನಿಘಂಟಿನಲ್ಲೇ ಉಳಿಯುತ್ತದೆ. ಆದ್ದರಿಂದ ಕುಮಾರಿಯನ್ನೇ ಕೈಬಿಡಬೇಕು. ಫ್ರಾನ್ಸ್ ಸರ್ಕಾರ 2012ರ ಫೆಬ್ರವರಿಯ ಸುತ್ತೋಲೆಯಲ್ಲಿ ಮಾಡಿದ್ದು ಇದನ್ನೇ: ಆಡಳಿತದ ಅರ್ಜಿಗಳಿಂದ ಮದುವೆಯಾಗದವರ 'ಮದ್‌ಮ್ವಾಜೆಲ್' ತೆಗೆದು, ಮದುವೆಯಾದವರು, ಆಗದವರು ಇಬ್ಬರಿಗೂ 'ಮದಾಮ್' ಸಾಕೆಂದಿತು. ಇಂಗ್ಲಿಷಿನವರು 'ಮಿಸ್', 'ಮಿಸೆಸ್'ಗಳ ನಡುವೆ ಮದುವೆಯ ಸುಳಿವು ಕೊಡದ 'ಮಿಜ್' ಎಂಬ ಮೂರನೆಯದನ್ನು ತಂದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಒಪ್ಪಿಕೊಂಡದ್ದು 1986ರಲ್ಲಿ. ನಮಗೆ ಹೊಸ ಪದದ ಹಂಗೂ ಬೇಕಿಲ್ಲ. ಹೆಸರಿಗೆ 'ಅವರು' ಸೇರಿಸಿದರೆ ಗಂಡಿಗೂ ಹೆಣ್ಣಿಗೂ ಸಮನಾದ ಗೌರವ ಸಲ್ಲುತ್ತದೆ. ಹಾಗಾದರೆ ಅಕ್ಕ, ಅಮ್ಮನಲ್ಲೇ ಅಕ್ಕರೆಯಿದೆಯಲ್ಲ, ಅದನ್ನೇ ಬರೆದರಾಗದೇ? ಆಗದು. ಹಳ್ಳಿಗಳಲ್ಲಿ ದಲಿತ ಕೇರಿಯ ಅಜ್ಜಿಯನ್ನು ಮೇಲ್ಜಾತಿಯ ಹುಡುಗ ಏಕವಚನದಲ್ಲಿ ಕೂಗುತ್ತಿದ್ದ ಕಾಲ ದೂರದ್ದಲ್ಲ. ಆ ಅಕ್ಕರೆ ಎಷ್ಟೋ ಸಲ ಜಾತಿಯ ಗೆರೆ ದಾಟಲಿಲ್ಲ. ಬೇಕಾದವರಿಗೆ ಕೊಟ್ಟು, ಬೇಡವಾದವರಿಗೆ ತಪ್ಪಿಸುವ ಮರ್ಯಾದೆ ಕಾಗದಪತ್ರಕ್ಕೆ ಆಧಾರವಾಗಲಾರದು. ಅಲ್ಲಿ ಎಲ್ಲರಿಗೂ ಒಂದೇ ರೂಪ ಬೇಕು.

ಮಾಗಡಿ ತಾಲ್ಲೂಕಿನ ಹುಲಿಕಲ್‌ನ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಬಹಳ ಮೊದಲೇ ಜನ ಅವರ ಹೆಸರಿನ ಮುಂದೆ 'ಸಾಲುಮರದ' ಎಂದು ಸೇರಿಸಿದ್ದರು. ಕುದೂರಿನ ದಾರಿಯಲ್ಲಿ ಪತಿ ಚಿಕ್ಕಯ್ಯನವರ ಜೊತೆ ಆಲದ ಸಸಿ ನೆಟ್ಟು ನೀರೆರೆದ ಆಕೆಯನ್ನು ಜನ ಗುರುತಿಸಿದ್ದು ಮಾಡಿದ ಕೆಲಸದಿಂದ, ಮದುವೆಯಿಂದಲ್ಲ. ತಿಮ್ಮಕ್ಕನವರ ಜಿಲ್ಲೆಯ ಪಂಚಾಯಿತಿ, ಶಾಲೆ, ಸಹಕಾರ ಸಂಘಗಳು ತಮ್ಮ ಅರ್ಜಿಗಳಿಂದ ಕುಮಾರಿಯನ್ನು ಕೈಬಿಡಲಿ. ಗಂಡಸರಿಗೆ ಶ್ರೀ ಹಾಕುವುದಾದರೆ ಪ್ರಾಯಕ್ಕೆ ಬಂದ ಎಲ್ಲ ಹೆಣ್ಣುಮಕ್ಕಳಿಗೂ ಶ್ರೀಮತಿ ಹಾಕಲಿ. ಇಲ್ಲವೇ ಎಲ್ಲರಿಗೂ ಹೆಸರು ಮತ್ತು 'ಅವರು' ಸಾಕು.