ಮದ್ಯಪರೀಕ್ಷೆಯೂ ಪಾನಕರಸನ್ಯಾಯವೂ

ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳನ್ನು ಎಣಿಸುವಾಗ ದಂಡಿಯು ಮಧುಪಾನವನ್ನೂ ಸೇರಿಸಿರುವನು. ಭಾರವಿಯು ಕಿರಾತಾರ್ಜುನೀಯದ ಒಂಬತ್ತನೆಯ ಸರ್ಗದಲ್ಲಿಯೂ, ಮಾಘನು ಶಿಶುಪಾಲವಧದ ಹತ್ತನೆಯ ಸರ್ಗದಲ್ಲಿಯೂ, ನಮ್ಮ ಪಂಪನು ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿಯೂ ಪಾನಗೋಷ್ಠಿಯನ್ನು ವರ್ಣಿಸಿರುವರು. ಇವನ್ನು ಪಾಠಹೇಳುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕವಿಯ ದೃಷ್ಟಿಯು ಕುಡಿಯುವವರ ಮೇಲೆ ನೆಟ್ಟಿರುವಷ್ಟು ಕುಡಿಯುವ ವಸ್ತುವಿನ ಮೇಲೆ ನೆಟ್ಟಿಲ್ಲ. ಕೆಂಪೇರಿದ ಕಣ್ಣು, ತೊದಲುವ ನುಡಿ, ಮರೆತುಹೋದ ಮಾನ ಇವುಗಳಲ್ಲಿಯೇ ವರ್ಣನೆಯು ವಿಹರಿಸುವುದು. ಇದು ದೋಷವಲ್ಲ, ಶೃಂಗಾರಕ್ಕೆ ಮದ್ಯವು ಉದ್ದೀಪನವಿಭಾವ ಮಾತ್ರ. ಆದರೆ ಮದ್ಯದ ಗುಣಾಗುಣಗಳನ್ನು ಪರೀಕ್ಷಿಸುವ ಕ್ರಮವನ್ನು ಕಾವ್ಯದಲ್ಲಿ ಹುಡುಕುವವನು ಬರಿಗೈಯಲ್ಲಿ ಹಿಂದಿರುಗಬೇಕಾಗುವುದು.

ಶಾಸ್ತ್ರಗಳ ಸ್ಥಿತಿ ಹೀಗಲ್ಲ. ಕಾಪಿಶಾಯನವೆಂಬ ರೂಪವನ್ನು ಸಾಧಿಸುವುದಕ್ಕಾಗಿ ಪಾಣಿನಿಯು ಒಂದು ಪ್ರತ್ಯೇಕ ಸೂತ್ರವನ್ನೇ ರಚಿಸಿರುವನು. ಅದಕ್ಕೆ ಕಾಶಿಕಾವೃತ್ತಿಯಲ್ಲಿ ಕೊಟ್ಟಿರುವ ಉದಾಹರಣೆಗಳು ಮಧುವೂ ದ್ರಾಕ್ಷೆಯೂ. ಕಾಪಿಶೀ ಎಂಬುದು ಇಂದಿನ ಆಫ್ಘಾನಿಸ್ಥಾನದ ಬೆಗ್ರಾಮ್ ಎಂದು ವಿದ್ವಾಂಸರು ಗುರುತಿಸಿರುವರು. 1909ರಲ್ಲಿ ಆರ್. ಶಾಮಾಶಾಸ್ತ್ರಿಗಳವರು ಮೈಸೂರಿನಿಂದ ಪ್ರಕಟಿಸಿದ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ ದ್ರಾಕ್ಷಾರಸವನ್ನೇ ಮಧುವೆಂದು ಹೇಳಿ, ಹುಟ್ಟಿದ ನಾಡನ್ನು ಅನುಸರಿಸಿ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಕೊಟ್ಟಿದೆ. ಫ್ರಾನ್ಸಿನವರು ದ್ರಾಕ್ಷಾಮದ್ಯಕ್ಕೆ ಊರಿನ ಹೆಸರನ್ನು ಕಾನೂನಿನಿಂದ ಕಟ್ಟುಮಾಡಿದ್ದು 1935ರಲ್ಲಿ. ಕೌಟಿಲ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಲದ ಹಣ್ಣು, ಕಾಕಂಬಿ, ಜೇನು ಇವುಗಳಿಂದಾಗುವ ಆಸವಕ್ಕೆ ದ್ರವ್ಯಪ್ರಮಾಣವು ಕಾಲುಪಾಲು ಹೆಚ್ಚಾದರೆ ಜ್ಯೇಷ್ಠವೆಂದೂ, ಕಾಲುಪಾಲು ಕಡಮೆಯಾದರೆ ಕನಿಷ್ಠವೆಂದೂ ತರತಮವನ್ನು ವಿಧಿಸಿರುವನು. ಅಳೆದು ನೋಡಬಹುದಾದ ತರತಮವಿದು.

ವಯಸ್ಸಿನ ವಿಚಾರದಲ್ಲಿ ವೈದ್ಯರ ಮಾತು ಪ್ರಮಾಣ. ಹೊಸ ಮದ್ಯವು ಗುರು ಮತ್ತು ದೋಷಕರ, ಹಳತು ಅದಕ್ಕೆ ವಿಪರೀತವೆಂದು ವಾಗ್ಭಟನು ಹೇಳುವನು. ಆದರೆ ಹಳತೆಂದರೆ ಎಷ್ಟು ವರ್ಷ, ಯಾವ ದೇಶದಲ್ಲಿ? ಪೀಪಾಯಿಯಲ್ಲಿಟ್ಟ ವಿಸ್ಕಿಯು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2ರಂತೆ ಆರಿಹೋಗುವುದು. ಬೆಂಗಳೂರಿನಲ್ಲಿ 10ಕ್ಕೂ ಮೇಲೆ. ಇಲ್ಲಿಯ ಸೆಕೆಯಲ್ಲಿ ಮರದ ಸಾರವೂ ಬೇಗ ಇಳಿಯುವುದು. 2004ರಲ್ಲಿ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಗ್ಲಾಸ್ಗೋ ನಗರದಲ್ಲಿ ಮಾರಾಟಕ್ಕೆ ಬಂದ ಮೇಲೆ, ಸೀಸೆಯ ಮೇಲಣ ವರ್ಷಸಂಖ್ಯೆಯೊಂದೇ ಗುಣಕ್ಕೆ ಪ್ರಮಾಣವಾಗಲಾರದೆಂಬುದು ಅಲ್ಲಿಯವರಿಗೂ ವಿದಿತವಾಯಿತು.

ಇನ್ನು ಪಾಶ್ಚಾತ್ಯರ ಪರೀಕ್ಷಾಕ್ರಮ. 1984ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆ್ಯನ್ ನೋಬಲ್ ಎಂಬ ವಿದುಷಿಯು ದ್ರಾಕ್ಷಾಮದ್ಯದ ಪರಿಮಳಗಳಿಗೆ ಒಂದು ಚಕ್ರವನ್ನು ಪ್ರಕಟಿಸಿದರು. ಒಳಗಿನ ಸುತ್ತಿನಲ್ಲಿ ಹಣ್ಣು ಎಂದಿದ್ದರೆ ನಡುವಣದರಲ್ಲಿ ನಿಂಬೆಯ ಜಾತಿ, ಹೊರಗಿನದರಲ್ಲಿ ನಿಂಬೆ, ಚಕ್ಕೋತದಂಥ ಹಣ್ಣು. ಹೀಗೆ ಸಾಮಾನ್ಯದಿಂದ ವಿಶೇಷಕ್ಕೆ ಹೋಗುವ ಈ ವಿಭಾಗಕ್ರಮವು ವೈಶೇಷಿಕರಿಗೆ ಮೆಚ್ಚುಗೆಯಾಗತಕ್ಕದ್ದು. (ಒದ್ದೆಯಾದ ನಾಯಿಯ ವಾಸನೆಗೂ ಅಲ್ಲಿ ಸ್ಥಳವುಂಟು!) ಸೊಗಸು, ಗಾಂಭೀರ್ಯ ಮೊದಲಾದ ಪ್ರಶಂಸಾಪದಗಳನ್ನು ಆಕೆಯು ಬುದ್ಧಿಪೂರ್ವಕವಾಗಿಯೇ ಬಿಟ್ಟಿರುವರು. ಚಕ್ರವು ಗುಣಗಳ ಪಟ್ಟಿಯೇ ಹೊರತು ತೀರ್ಪಲ್ಲ. ಈ ವಿವೇಕವು ಅದನ್ನು ಬಳಸುವವರಲ್ಲಿ ಉಳಿಯಲಿಲ್ಲವೆಂಬುದೇ ನಮ್ಮ ಆಕ್ಷೇಪ. ಚೆರಿ, ಚರ್ಮ, ಹೊಗೆ, ಚಾಕೊಲೇಟು ಎಂದು ಹತ್ತಾರು ವಾಸನೆಗಳನ್ನು ಎಣಿಸಿ, ಕೊನೆಯಲ್ಲಿ ನೂರಕ್ಕೆ 92 ಎಂದು ಅಂಕವಿಡುವರು. ಎಣಿಕೆಯಿಂದ ಅಂಕಕ್ಕೆ ಹಾರಿದ್ದು ಯಾವ ಹೇತುವಿನಿಂದ? 1978ರಿಂದ ರಾಬರ್ಟ್ ಪಾರ್ಕರ್ ಪ್ರಸಿದ್ಧಿಗೆ ತಂದ ಈ ಕ್ರಮದಲ್ಲಿ ಎಣಿಕೆಯು ಆರಂಭವಾಗುವುದೇ 50ರಿಂದ. ಮೊದಲ ಅರ್ಧವು ದಾನವೆಂದಾಯಿತು.

ಇಲ್ಲಿ ನಮ್ಮ ಆಲಂಕಾರಿಕರು ಉಪಕಾರಕರಾಗುವರು. ವಿಭಾವಾನುಭಾವಾದಿಗಳು ಬೇರೆಬೇರೆಯಾಗಿ ತೋರದೆ ಒಂದಾಗಿ ಚರ್ವಣೆಗೆ ಬರುವುದಕ್ಕೆ ಮಮ್ಮಟನು ಕೊಟ್ಟ ದೃಷ್ಟಾಂತವು ಪಾನಕರಸ. ಬೆಲ್ಲ, ಮೆಣಸು, ಏಲಕ್ಕಿಗಳನ್ನು ಹೆಸರಿಸಿದವನು ಪಾನಕದ ಸಾಮಗ್ರಿಯನ್ನು ಹೇಳಿದನೇ ಹೊರತು ಪಾನಕವನ್ನು ಹೇಳಲಿಲ್ಲ. ಮೆಣಸು ಬೆಲ್ಲವನ್ನು ಮೀರಿತೆ, ಏಲಕ್ಕಿಯು ಎರಡನ್ನೂ ಬೆಸೆಯಿತೆ ಎಂಬುದು ವಿಮರ್ಶೆ. ರಾಮನವಮಿಯ ದಿನ ನಮ್ಮ ಮನೆಗಳ ಮುತ್ತೈದೆಯರು ಇದನ್ನು ಒಂದು ಗುಟುಕಿನಲ್ಲಿ ತೀರ್ಮಾನಿಸುವರು. ಮದ್ಯವು ನಿಷಿದ್ಧವಾದವರಿಗೂ ಈ ನ್ಯಾಯವು ಗ್ರಾಹ್ಯ. ಈ ಲೇಖಕನೂ ಆ ಪಂಗಡದವನೇ. ಪದಾರ್ಥವನ್ನಲ್ಲ, ಪರೀಕ್ಷಕರ ವಾಕ್ಯಗಳನ್ನು ಪರೀಕ್ಷಿಸುವಷ್ಟೇ ಇಲ್ಲಿಯ ಅಧಿಕಾರ.

ಪರಿಭಾಷೆಯ ಮಾತೊಂದು ಉಳಿಯಿತು. ನುಂಗಿದ ಮೇಲೆ ನಾಲಗೆಯಲ್ಲಿ ನಿಲ್ಲುವ ರುಚಿಗೆ ಇಂಗ್ಲಿಷಿನಲ್ಲಿ ಫಿನಿಷ್ ಎನ್ನುವರು. ಅದನ್ನು ಮುಕ್ತಾಯವೆಂದು ಕನ್ನಡಿಸಿದರೆ ಅರ್ಥಕ್ಕೆ ಹಾನಿ. ರುಚಿಯು ಅಲ್ಲಿ ಮುಗಿಯುವುದಿಲ್ಲ, ಉಳಿಯುವುದು. ಮೊದಲು ವ್ಯಕ್ತವಾಗುವುದು ರಸ, ಅವ್ಯಕ್ತವಾಗಿ ಅಥವಾ ಕಡೆಯಲ್ಲಿ ತೋರುವುದು ಅನುರಸವೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಿಭಾಗವಿದೆ. ಅನುರಸವೆಂಬ ಸಿದ್ಧಪದವಿರುವಾಗ ಹೊಸದನ್ನು ಟಂಕಿಸುವ ಶ್ರಮವು ಬೇಡ.